ಕುಡಿಯದ ಬಟ್ಟೆ

ಪೀಣ್ಯದಲ್ಲಿ ವೇಸ್ಟ್ ಅಂದರೆ ಕಸವಲ್ಲ, ಆರ್ಡರ್ ಕೊಟ್ಟು ತರಿಸುವ ಸಾಮಾನು. ಬನಿಯನ್ ಫ್ಯಾಕ್ಟರಿಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು, ಹಳೆ ಪಂಚೆ, ಹರಿದ ಬೆಡ್‌ಶೀಟು, ಯಾರೋ ಉಟ್ಟು ಬಿಟ್ಟ ಸೀರೆ, ಎಲ್ಲವೂ ಗೋಣಿಚೀಲದಲ್ಲಿ ಒಟ್ಟಿಗೆ ತುರುಕಿಸಿಕೊಂಡು ಬರುತ್ತವೆ. ಎಣ್ಣೆಯ ಜೊತೆ ಕೆಲಸ ಮಾಡುವ ಪ್ರತಿ ಶೆಡ್ಡಿಗೂ ಅದು ಬೇಕೇ ಬೇಕು. ಕೈ ಒರೆಸಿಕೊಳ್ಳಲು, ಮಷೀನು ಒರೆಸಲು, ನೆಲ ಒರೆಸಲು. "ಒಂಚೂರು ವೇಸ್ಟ್ ಕೊಡಿ" ಎಂದು ನಮ್ಮ ಕಡೆ ಯಾರಾದರೂ ಕೇಳಿದರೆ ಯಾರಿಗೂ ನಗು ಬರುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಆ ಚೀಲಗಳನ್ನು ಬಿಚ್ಚಿ, ಬಟ್ಟೆಗಳನ್ನು ಆರಿಸಿ, ಗುಂಡಿ ಜಿಪ್ಪುಗಳನ್ನು ಕಿತ್ತು, ಅಂಗೈಯಗಲ ಕತ್ತರಿಸಿ ಹಂಚುವ ಕೆಲಸ ಒಬ್ಬ ಹೆಂಗಸಿನದಾಗಿತ್ತು. ನೆಲ ಗುಡಿಸಿ ಒರೆಸುವುದೂ ಅವರದೇ. ಎಲ್ಲರೂ ಅವರನ್ನು ವೇಸ್ಟಕ್ಕ ಎಂದು ಕರೆಯುತ್ತಿದ್ದರು.

ಅವರು ತೀರಿಹೋಗಿ ಮೂರು ವಾರವಾಯಿತು. ನಮ್ಮಲ್ಲಿ ಲೇತ್ ಆಪರೇಟರ್ ಆಗಿದ್ದ ಮಂಜಣ್ಣ ಫೋನು ಮಾಡಿ ಹೇಳಿದ. ಅಯ್ಯೋ ಎಂದೆ, ಏನಾಗಿತ್ತು ಎಂದು ಕೇಳಿದೆ, ಕೇಳಬೇಕಾದ್ದನ್ನೆಲ್ಲ ಕೇಳಿದೆ. ಕೊನೆಗೆ ಅವನೇ ನನಗೆ ಒಂದು ಪ್ರಶ್ನೆ ಕೇಳಿದ. ನಾನು ಕೊಟ್ಟ ಉತ್ತರದಿಂದಾಗಿ ಇದನ್ನು ಬರೆಯಲು ಕೂತಿದ್ದೇನೆ. ಆ ಪ್ರಶ್ನೆಯನ್ನು ಕೊನೆಯಲ್ಲಿ ಹೇಳುತ್ತೇನೆ, ಈಗಲೇ ಹೇಳಲು ಧೈರ್ಯ ಸಾಲದು.

ನಾನು ಆ ಶೆಡ್ಡಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದವನು. ಡಿಪ್ಲೊಮಾ ಓದಿ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು, ಇಪ್ಪತ್ತಾರು ವರ್ಷ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತಗೊಂಡವನು. ಈಗ ಬಾಗಲಗುಂಟೆಯ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತ ಪೇಪರಿನಲ್ಲಿ ಅಚ್ಚಿನ ತಪ್ಪು ಹುಡುಕುತ್ತೇನೆ.

ವೇಸ್ಟಕ್ಕನ ನಿಜವಾದ ಹೆಸರು ನನಗೆ ಗೊತ್ತಿದೆ. ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ನನ್ನ ಕೈಯಾರೆ ಒಂದೇ ಒಂದು ಸಲ ಬರೆದಿದ್ದೇನೆ, ನನ್ನ ಹೆಸರು ಇರಬೇಕಾದ ಜಾಗದಲ್ಲಿ. ಇನ್ನೊಂದು ಮಾತನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿ ಅವರು, ಇವರು ಎಂದು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಅವರು ಬದುಕಿದ್ದಾಗ ನಾನು ಮಾತಾಡಿಸಿದ್ದು ನೀನು, ಬಾ, ಹೋಗು ಎಂದೇ. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವರು. ಬಹುವಚನ ಕೊಡುವ ಬುದ್ಧಿ ನನಗೆ ಅವರು ಸತ್ತ ಮೇಲೆ ಬಂತು.

ಕೊಪ್ಪಳದ ಕಡೆಯವರು. ಗಂಡ ಗಾರೆ ಕೆಲಸ. ಲಗ್ಗೆರೆಯಲ್ಲಿ ಒಂದು ರೂಮು. ಗಿಡ್ಡಗೆ, ಗಟ್ಟಿಯಾಗಿದ್ದರು. ಸೀರೆಯ ಮೇಲೆ ಯಾವುದೋ ಬೇರೆ ಕಂಪನಿಯ ಹೆಸರು ಅರ್ಧ ಅಳಿಸಿಹೋಗಿದ್ದ ಗಂಡಸರ ತುಂಬುತೋಳಿನ ಶರ್ಟು. ಆ ಶರ್ಟಿನ ಜೇಬಿನಲ್ಲಿ ಕತ್ತರಿ. ಲೇಬರ್ ಕಂಟ್ರಾಕ್ಟರ್ ಕಡೆಯಿಂದ ಬಂದವರಾದ್ದರಿಂದ ನಮ್ಮ ಹಾಜರಿ ಮಸ್ಟರಿನಲ್ಲಿ ಅವರ ಹೆಸರಿರಲಿಲ್ಲ. ಆಯುಧಪೂಜೆಯ ಸ್ವೀಟ್ ಬಾಕ್ಸು ಹಂಚುವಾಗ ಪ್ರತಿ ವರ್ಷವೂ ಅವರನ್ನು ಲೆಕ್ಕಕ್ಕೆ ಹಿಡಿಯುವುದು ಮರೆತುಹೋಗುತ್ತಿತ್ತು, ಪ್ರತಿ ವರ್ಷವೂ ಮಂಜಣ್ಣ ತನ್ನದನ್ನು ಅರ್ಧ ಮಾಡಿ ಕೊಡುತ್ತಿದ್ದ.

ಅವರು ವೇಸ್ಟ್ ಆರಿಸುವುದನ್ನು ನೋಡಬೇಕಿತ್ತು. ಕಂಪ್ರೆಸರ್ ರೂಮಿನ ಪಕ್ಕದಲ್ಲಿ ಗೋಣಿತಾಟು ಹಾಸಿ ಕೂರುತ್ತಿದ್ದರು. ಎಡಗಡೆ ಒಂದು ಬಟ್ಟಲಲ್ಲಿ ಮಷೀನಿನ ಎಣ್ಣೆ. ಒಂದೊಂದೇ ಬಟ್ಟೆ ಎತ್ತಿ, ಮೊದಲು ಚಾವಣಿಯ ಪ್ಲಾಸ್ಟಿಕ್ ಶೀಟಿನ ಬೆಳಕಿಗೆ ಹಿಡಿದು ನೋಡುವರು. ಆಮೇಲೆ ಕಿರುಬೆರಳನ್ನು ಎಣ್ಣೆಗೆ ಅದ್ದಿ ಬಟ್ಟೆಯ ಮೇಲೆ ಒಂದು ಹನಿ ಇಡುವರು. ತುಟಿ ಅಲ್ಲಾಡಿಸುತ್ತ ಎಣಿಸುವರು. ಮೂರು ಎಣಿಸುವುದರೊಳಗೆ ಹನಿ ಮಾಯವಾದರೆ ಬಟ್ಟೆ ಬಲಗಡೆಯ ಗುಡ್ಡೆಗೆ. ಹನಿ ಹಾಗೇ ಕೂತಿದ್ದರೆ ಹಿಂದಕ್ಕೆ.

ನಾನು ಹೊಸದಾಗಿ ಇದನ್ನು ಕಂಡಾಗ, "ಏನಮ್ಮ ಇದು, ಪೂಜೆನಾ?" ಎಂದು ಕೇಳಿದ್ದೆ.

"ಪೂಜಿ ಅಲ್ರಿ ಸರ, ಪರೀಕ್ಷಿ" ಎಂದರು. ಒಂದು ಸವೆದ ಬನಿಯನ್ ತುಂಡು ಎತ್ತಿ ತೋರಿಸಿದರು. "ಇಂವ ಕುಡುಕ. ಎಷ್ಟ ಕೊಟ್ರೂ ಕುಡೀತಾನ." ಮಿರಿಮಿರಿ ಹೊಳೆಯುವ ಒಂದು ಸೀರೆಯ ಚೂರು ಎತ್ತಿದರು. "ಇಂವ ಸ್ವಾಮಿ. ಮುಟ್ಟೂದ ಇಲ್ಲ." ಆಮೇಲೆ ಇನ್ನೂ ಗಂಜಿ ಬಿಟ್ಟಿರದ ಹೊಸ ಕಾಟನ್ ತುಂಡೊಂದನ್ನು ಎರಡು ಬೆರಳಲ್ಲಿ ಹಿಡಿದರು. "ಇಂವ ಹೊಸ ಅಳಿಯ. ಕುಡ್ಯಾಕ ಆಸೆ ಐತಿ, ಆದ್ರ ಬಿಗಿ ಬಾಳ. ಎರಡ ಸಲ ಒಗದ್ರ ತಾನ ದಾರಿಗೆ ಬರ್ತಾನ."

ಶೆಡ್ಡಿನವರೆಲ್ಲ ನಗುತ್ತಿದ್ದರು. ಮಂಜಣ್ಣ ಕೈ ಒರೆಸಿಕೊಳ್ಳಲು ಬಂದಾಗಲೆಲ್ಲ, "ಅಕ್ಕ, ಒಬ್ಬ ಒಳ್ಳೆ ಕುಡುಕನ್ನ ಕೊಡಿ" ಎಂದೇ ಕೇಳುತ್ತಿದ್ದ. "ತಗೊಳ್ಳಪ್ಪ, ನಮ್ಮನ್ಯಾಗ ಕುಡುಕರಿಲ್ಲ, ಅದಕ್ಕ ಇಲ್ಲಿ ಸಾಕೀನಿ" ಎನ್ನುವರು. ಒಂದು ದಿನ ನನ್ನ ಶರ್ಟಿನ ತೋಳನ್ನೂ ಎರಡು ಬೆರಳಲ್ಲಿ ಹಿಡಿದು ನೋಡಿ, "ಸರ, ಇದು ಸ್ವಾಮಿ ಐತ್ರಿ. ಬ್ಯಾಸಗ್ಯಾಗ ಬೆವರ ಕುಡಿಯಂಗಿಲ್ಲ, ಮೈ ಕೆರೀತೈತಿ" ಎಂದರು. ನಾಲ್ಕು ಜನರ ಮುಂದೆ ಹಾಗೆಂದದ್ದು ನನಗೆ ಸರಿಹೋಗಲಿಲ್ಲ. ಮುಖ ಗಂಟಿಕ್ಕಿಕೊಂಡು ಹೋದೆ. ಆದರೆ ಮೈ ಕೆರೆಯುತ್ತಿದ್ದದ್ದು ನಿಜ. ಆವತ್ತಿನಿಂದ ಕಾಟನ್ ಬಿಟ್ಟು ಬೇರೆ ಶರ್ಟು ಹಾಕಿಲ್ಲ. ಹೆಂಡತಿ ಕೇಳಿದಾಗ ಡಾಕ್ಟರು ಹೇಳಿದರು ಎಂದೆ.

ಅವರು ಮೆತ್ತಗಿನ ಹೆಂಗಸೇನಲ್ಲ. ಅರ್ಧ ಬಳಸಿದ ವೇಸ್ಟನ್ನು ಯಾರಾದರೂ ಡಬ್ಬಕ್ಕೆ ಎಸೆದರೆ ಎತ್ತಿಕೊಂಡು ಬಂದು ಎಸೆದವರ ಮಷೀನಿನ ಮುಂದೆಯೇ ಹಿಡಿಯುತ್ತಿದ್ದರು. "ಇನ್ನೂ ಅರ್ಧ ಹೊಟ್ಟಿ ಖಾಲಿ ಐತಿ, ಚೆಲ್ಲಿದ್ಯಲ್ಲೋ! ನಿನ್ನ ಅರ್ಧ ಊಟದಾಗ ಎಬ್ಬಿಸಿದ್ರ ಹೆಂಗಿರ್ತೈತಿ?" ಎಂದು ಅಷ್ಟೂ ಮಷೀನುಗಳ ಸದ್ದನ್ನು ಮೀರಿ ಕೂಗುವರು. ಓನರ್ ಕೂಡ ಒಮ್ಮೆ ಹಾಗೆ ಬೈಸಿಕೊಂಡು, ಕೈಯಲ್ಲಿದ್ದ ಬಟ್ಟೆಯನ್ನು ಜೇಬಿಗೆ ಹಾಕಿಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ.

ಈ ವಿದ್ಯೆ ಎಲ್ಲಿ ಕಲಿತೆ ಎಂದು ಒಮ್ಮೆ ಕೇಳಿದ್ದೆ. ಅವರ ತಾಯಿ ಊರಲ್ಲಿ ಹೆರಿಗೆ ಮಾಡಿಸುತ್ತಿದ್ದರಂತೆ. ಬಟ್ಟೆಗೆ ಅವರ ಕಡೆ ಅರಬಿ ಅನ್ನುತ್ತಾರೆ. ಮನೆಮನೆಯಿಂದ ಹಳೆ ಅರಬಿ ಕೂಡಿಸಿ, ಕುದಿಸಿ, ಬಿಸಿಲಿಗೆ ಹಾಕಿ ಗಂಟು ಕಟ್ಟಿಡುವುದು ಚಿಕ್ಕಂದಿನಲ್ಲಿ ಇವರ ಕೆಲಸ. "ಸಾವ್ಕಾರ ಮಂದಿ ಹೊಸಾ ಅರಬಿ ತಂದು ಕೊಡ್ತಿದ್ರು. ನಮ್ಮವ್ವ ತಿರುಗಿ ಕಳಸ್ತಿದ್ಲು. ಇದು ನೋಡಾಕಲ್ಲ ತಾಯಿ, ರಗತ ಕುಡ್ಯಾಕ ಬೇಕು ಅಂತಿದ್ಲು. ಕುಡೀಲಾರದ ಅರಬಿ ಇಟ್ರ ರಗತ ಎಷ್ಟ ಹೋತು ಅಂತ ತಿಳಿಯಂಗಿಲ್ಲ, ಅಲ್ಲೆ ಜೀವ ಹೋಕ್ಕೈತಿ." ಹನಿ ಇಟ್ಟು ಎಣಿಸುವುದನ್ನು ತಾಯಿಯೇ ಕಲಿಸಿದ್ದಂತೆ. ಅಲ್ಲಿ ನೀರು, ಇಲ್ಲಿ ಎಣ್ಣೆ, ಅಷ್ಟೇ ವ್ಯತ್ಯಾಸ ಎಂದರು.

ನೆಲದ ಪಾಠ ಹೇಳಿದ್ದೂ ಅವರೇ. ಒಂದು ಬೆಳಗ್ಗೆ ಶಟರ್ ಎತ್ತಿದ ಹೊತ್ತಿಗೆ ಅವರು ಬಾಗಿಲ ಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತು ನೆಲವನ್ನು ಓರೆಯಾಗಿ ನೋಡುತ್ತಿದ್ದರು. ಏನು ಕಳೆದುಹೋಯಿತು ಎಂದು ಕೇಳಿದೆ.

"ಏನೂ ಕಳದಿಲ್ರಿ. ಕುಂತು ನೋಡ್ರಿ. ಒಣಾ ನೆಲ ಬೆಳಕ ಕುಡೀತೈತಿ, ಮಂಕ ಕಾಣತೈತಿ. ಎಣ್ಣಿ ಇದ್ದಲ್ಲಿ ಬೆಳಕ ಉಗುಳತೈತಿ. ನಿಂತ್ರ ಕಾಣಂಗಿಲ್ಲ."

ಪ್ಯಾಂಟು ಕೊಳೆಯಾಗುತ್ತದೆ ಎಂದು ಹಿಂದೆಮುಂದೆ ನೋಡಿ ಕೊನೆಗೆ ಕೂತೆ. ನಿಜ. ನಿಂತಾಗ ಒಂದೇ ಥರ ಕಾಣುತ್ತಿದ್ದ ಸಿಮೆಂಟು ನೆಲದಲ್ಲಿ, ಕೂತು ನೋಡಿದರೆ ಎರಡು ಮಷೀನುಗಳ ನಡುವೆ ಒಂದು ತಟ್ಟೆಯಗಲದ ಹೊಳಪು ಎದ್ದು ಕಾಣುತ್ತಿತ್ತು. ಬೆಳಕನ್ನು ಯಾವುದು ಹೀರುತ್ತದೆ, ಯಾವುದು ಹಿಂದಕ್ಕೆ ಕಳಿಸುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಹತ್ತಕ್ಕೆ ಒಂಬತ್ತು ತಗೊಂಡಿದ್ದವನು. ನೆಲವನ್ನು ಒಂದು ಸಲವೂ ಹಾಗೆ ನೋಡಿರಲಿಲ್ಲ.

ಮುಂದಿನ ತಿಂಗಳ ಸೇಫ್ಟಿ ಮೀಟಿಂಗಿನಲ್ಲಿ ಇದನ್ನು ನಾನೇ ಕಂಡುಹಿಡಿದದ್ದು ಎನ್ನುವ ಹಾಗೆ ಎಲ್ಲರಿಗೂ ವಿವರಿಸಿದೆ. ಓನರ್ "ವೆರಿ ಗುಡ್" ಎಂದು ಚಪ್ಪಾಳೆ ತಟ್ಟಿಸಿದರು. ವೇಸ್ಟಕ್ಕ ಹಿಂದೆ ಪೊರಕೆ ಹಿಡಿದು ನಿಂತಿದ್ದರು. ಅವರೂ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದರು. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಆಗ ಏನೂ ಅನ್ನಿಸಲಿಲ್ಲ.

ಆಮೇಲೆ ಆ ದೊಡ್ಡ ಆಡಿಟ್ ಬಂತು.

ನಮ್ಮಂಥ ಸಣ್ಣ ಶೆಡ್ಡಿಗೆ ದೊಡ್ಡ ಕಂಪನಿಯವರು ಆರ್ಡರ್ ಕೊಡುವ ಮೊದಲು ಬಂದು ನೋಡುತ್ತಾರೆ. ಎಲ್ಲ ಚೊಕ್ಕಟವಾಗಿರಬೇಕು, ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಜಾಗಕ್ಕೂ ಒಂದು ಬೋರ್ಡು. ಬೇಡದ ವಸ್ತುವಿಗೆ ಕೆಂಪು ಚೀಟಿ ಕಟ್ಟಬೇಕು, ಚೀಟಿ ಕಟ್ಟಿದ್ದು ಗುಜರಿಗೆ. ಆ ಜವಾಬ್ದಾರಿಯೆಲ್ಲ ನನ್ನದು. ನನಗೆ ಆಗ ಬಲು ಹುರುಪು. ಬೋರ್ಡು ಬರೆಸಿದೆ, ನೆಲಕ್ಕೆ ಹಳದಿ ಗೆರೆ ಎಳೆಸಿದೆ, ಮಷೀನುಗಳಿಗೆ ಬಣ್ಣ ಹೊಡೆಸಿದೆ. ಇಷ್ಟೆಲ್ಲ ಆದ ಮೇಲೆ ನನ್ನ ಕಣ್ಣಿಗೆ ಚುಚ್ಚಿದ್ದು ವೇಸ್ಟಕ್ಕನ ಬಟ್ಟೆಗಳು. ಒಂದು ಹೂವಿನದು, ಒಂದು ಗೆರೆಯದು, ಒಂದು ಯಾರದೋ ಲಂಗದ ಅಂಚು. ಹೊಸ ಬಣ್ಣದ ಮಷೀನಿನ ಮೇಲೆ ಹಳೆ ಬನಿಯನ್ ನೇತಾಡುತ್ತಿದ್ದರೆ ಆಡಿಟರ್ ಏನೆಂದುಕೊಂಡಾನು?

ಅದಕ್ಕೆ ಒಂದೇ ಅಳತೆಯ, ಒಂದೇ ನೀಲಿ ಬಣ್ಣದ, ಅಂಚು ಹೊಲಿದ ಬಟ್ಟೆಗಳನ್ನು ತರಿಸಿದೆ. ಇಸ್ತ್ರಿ ಮಾಡಿದ ಹಾಗೆ ನಿಂತಿರುತ್ತಿದ್ದವು. ಪ್ರತಿ ಮಷೀನಿಗೂ ಒಂದು ಕೊಕ್ಕೆ, ಕೊಕ್ಕೆಗೆ ಎರಡು ನೀಲಿ ಬಟ್ಟೆ.

ವೇಸ್ಟಕ್ಕ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಕಿರುಬೆರಳು ಅದ್ದಿ ಹನಿ ಇಟ್ಟರು. ಮೂರಲ್ಲ, ಹತ್ತರವರೆಗೆ ಎಣಿಸಿದರು. ಹನಿ ಕಣ್ಣು ಬಿಟ್ಟುಕೊಂಡು ಹಾಗೇ ಕೂತಿತ್ತು.

"ಸರ, ಇವು ಕುಡಿಯಂಗಿಲ್ರಿ. ಎಲ್ಲಾ ಸ್ವಾಮಿಗೋಳು."

ಸುತ್ತ ಆರೇಳು ಜನ ಇದ್ದರು. ಶರ್ಟಿನ ಮಾತು ಇನ್ನೂ ನನ್ನ ಹೊಟ್ಟೆಯಲ್ಲಿತ್ತೋ ಏನೋ, ಕಾಣೆ. "ಕುಡಿಯೋದು ಬೇಡಮ್ಮ, ನೋಡೋಕೆ ಚೆನ್ನಾಗಿ ಕಾಣ್ಬೇಕು. ಇದೇನು ನಿಮ್ಮೂರ ಬಾಣಂತಿ ಕೋಣೆನಾ?" ಎಂದೆ. ಎಲ್ಲರೂ ಗೊಳ್ಳೆಂದರು. ಅವರು ನಗಲಿಲ್ಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೊಕ್ಕೆಗೆ ಹಾಕಿ ಹೋದರು. ತಾಯಿಯ ವಿಷಯ ಅವರು ನನ್ನೊಬ್ಬನಿಗೇ ಹೇಳಿದ್ದು.

ಆಡಿಟ್‌ಗೆ ಎರಡು ದಿನ ಇರುವಾಗ ಕಂಪ್ರೆಸರ್ ರೂಮಿನ ಹಿಂದೆ, ಪೈಪುಗಳ ಸಂದಿಯಲ್ಲಿ, ಒಂದು ಗೋಣಿಚೀಲ ಸಿಕ್ಕಿತು. ಬಿಚ್ಚಿ ನೋಡಿದೆ. ಒಗೆದು ಒಣಗಿಸಿ ಮಡಿಸಿಟ್ಟ ಹಳೆ ಬನಿಯನ್ನುಗಳು, ಪಂಚೆಯ ತುಂಡುಗಳು. ಅವರು ಒಳ್ಳೆಯ ಕುಡುಕರನ್ನೆಲ್ಲ ಆರಿಸಿ ಬಚ್ಚಿಟ್ಟಿದ್ದರು. ಎಣ್ಣೆ ಚೆಲ್ಲಿದರೆ ಬೇಕಾಗುತ್ತದೆ ಎಂದೇ ಇಟ್ಟದ್ದು ಎಂದು ನೋಡಿದ ಕೂಡಲೇ ನನಗೆ ತಿಳಿಯಿತು. ಜೇಬಿನಿಂದ ಕೆಂಪು ಚೀಟಿ ತೆಗೆದೆ. ನನ್ನ ಕೈಯಿಂದಲೇ ಕಟ್ಟಿದೆ. ಸಂಜೆ ಗುಜರಿ ಗಾಡಿಯಲ್ಲಿ ಹೋಯಿತು.

ಆಡಿಟ್ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ನಾಲ್ಕು ನಂಬರ್ ಮಷೀನಿನ ಪೈಪಿನ ಜಾಯಿಂಟು ಬಿಟ್ಟುಕೊಂಡಿತು. ಎಣ್ಣೆ ನೆಲಕ್ಕೆ ಹರಿಯಿತು. ಪೈಪನ್ನು ಹತ್ತು ನಿಮಿಷದಲ್ಲಿ ಸರಿ ಮಾಡಿದರು. ವೇಸ್ಟಕ್ಕ ಕಂಪ್ರೆಸರ್ ರೂಮಿನ ಹಿಂದಕ್ಕೆ ಓಡಿದ್ದನ್ನು ನೋಡಿದೆ. ಬರಿಗೈಯಲ್ಲಿ ಬಂದದ್ದನ್ನೂ ನೋಡಿದೆ. ಯಾರನ್ನೂ ಏನೂ ಕೇಳಲಿಲ್ಲ. ಕೊಕ್ಕೆಗಳಿಂದ ನೀಲಿ ಬಟ್ಟೆಗಳನ್ನೆಲ್ಲ ಬಾಚಿಕೊಂಡು ನೆಲಕ್ಕೆ ಕೂತರು. ಒರೆಸಿದರು, ಹಿಂಡಿದರು, ಮತ್ತೆ ಒರೆಸಿದರು. ಎಣ್ಣೆ ಆ ಕಡೆಯಿಂದ ಈ ಕಡೆಗೆ ಹೋಗುತ್ತಿತ್ತೇ ಹೊರತು ಬಟ್ಟೆಗೆ ಹತ್ತುತ್ತಿರಲಿಲ್ಲ. ಮೂರು ಸಲ ಒರೆಸಿ ನನ್ನ ಹತ್ತಿರ ಬಂದರು. ಮೊಣಕೈವರೆಗೆ ಎಣ್ಣೆ.

"ಸರ, ನಾಕ ನಂಬರ್ ಹಂತ್ಯಾಕ ಯಾರನ್ನೂ ಬಿಡಬ್ಯಾಡ್ರಿ. ಎಣ್ಣಿ ಹೋಗಿಲ್ಲ. ಬಾಜೂ ಶೆಡ್ಡಿನ್ಯಾಗ ಕಟ್ಟಿಗಿ ಹೊಟ್ಟು ಐತಿ, ಒಂದ ಬುಟ್ಟಿ ತಂದು ಹಾಕ್ತೀನಿ. ಹತ್ತ ಮಿನಿಟಿನಾಗ ಕುಡ್ದು ಬಿಡತೈತಿ."

ಪಕ್ಕದ ಶೆಡ್ಡಿನಲ್ಲಿ ಮರದ ಪೆಟ್ಟಿಗೆ ಮಾಡುತ್ತಿದ್ದರು. ಗೇಟಿನಲ್ಲಿ ಆಡಿಟರುಗಳ ಕಾರು ಆಗಷ್ಟೇ ನಿಂತಿತ್ತು.

"ಮರದ ಹೊಟ್ಟಾ? ಆಡಿಟರ್ ಒಳಗೆ ಬರ್ತಿದ್ದಾರೆ, ನೀನು ನೆಲದ ಮೇಲೆ ಹೊಟ್ಟು ಚೆಲ್ತೀಯಾ? ನೋಡು, ಎಷ್ಟು ಚೆನ್ನಾಗಿ ಹೊಳೀತಿದೆ. ಬಿಡು, ಸಾಕು."

"ಹೊಳ್ಯಾಕತ್ತೈತಿ ಅಂತನ ಹೇಳಾಕತ್ತೀನ್ರಿ ಸರ."

"ಬಿಡು ಅಂದ್ನಲ್ಲಮ್ಮ. ಹೋಗು, ಕೈ ತೊಳ್ಕೊ."

ಅವರು ಹೋದರು. ಆಡಿಟರುಗಳು ಶೆಡ್ಡು ಸುತ್ತಿ, ಬೋರ್ಡುಗಳನ್ನು ಓದಿ, ನಾನು ಅವಸರದಲ್ಲಿ ಬೇರೆ ನೀಲಿ ಬಟ್ಟೆ ಹಾಕಿಸಿದ್ದ ಕೊಕ್ಕೆಗಳ ಫೋಟೋ ಹಿಡಿದು, ಕಾಫಿಗೆಂದು ಆಫೀಸಿನೊಳಗೆ ಬಂದರು. ಬಿಸ್ಕತ್ತಿನ ತಟ್ಟೆಗೆ ಕೈ ಹಾಕುವ ಹೊತ್ತಿಗೆ ಹೊರಗೆ ದೊಪ್ಪೆಂದು ಸದ್ದಾಯಿತು. ಮಂಜಣ್ಣ ನಾಲ್ಕು ನಂಬರಿನ ಮುಂದೆ ಬಿದ್ದಿದ್ದ. ಬಲಗೈ ಊರಿ ಬಿದ್ದದ್ದರಿಂದ ಮಣಿಕಟ್ಟು ಮುರಿದಿತ್ತು. ಎಲ್ಲರಿಗಿಂತ ಮೊದಲು ಅವನ ಹತ್ತಿರ ಓಡಿದವರು ವೇಸ್ಟಕ್ಕ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿ ನೋಡಿದರು. ನಾನು ಆಟೋ ಕರೆಯಲು ಹೋದೆ.

ಮುಂದಿನದನ್ನು ಬರೆಯುವುದು ಕಷ್ಟ.

ಫ್ಯಾಕ್ಟರಿಗಳಲ್ಲಿ ಏನಾದರೂ ಅನಾಹುತವಾದರೆ ವೈ-ವೈ ಎಂದು ಒಂದು ವರದಿ ಬರೆಯುತ್ತೇವೆ. ಐದು ಸಲ ಯಾಕೆ ಎಂದು ಕೇಳಿಕೊಳ್ಳಬೇಕು. ಮೊದಲ ಉತ್ತರಕ್ಕೆ ನಿಲ್ಲಬಾರದು, ಒಂದೊಂದು ಯಾಕೆಯೂ ಒಂದೊಂದು ಮೆಟ್ಟಿಲು ಕೆಳಗಿಳಿದು ಬೇರಿನವರೆಗೆ ಹೋಗಬೇಕು. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಹುಡುಗರಿಗೆ ಕಲಿಸುತ್ತಿದ್ದೆ. ಮನುಷ್ಯರ ಹೆಸರು ಬಂತು ಅಂದರೆ ವೈ-ವೈ ತಪ್ಪಾಗಿದೆ ಅಂತ ತಿಳ್ಕೊಳ್ಳಿ ಎಂದು ಬೇರೆ ಹೇಳುತ್ತಿದ್ದೆ. ಆಡಿಟರುಗಳು ಒಂದು ವಾರದೊಳಗೆ ಆ ವರದಿ ಬೇಕು ಎಂದು ಹೇಳಿ ಹೋದರು.

ಟೇಬಲಿನ ಮುಂದೆ ಕೂತೆ. ಮಂಜಣ್ಣ ಯಾಕೆ ಬಿದ್ದ? ಕಾಲು ಜಾರಿತು. ಯಾಕೆ ಜಾರಿತು? ನೆಲದಲ್ಲಿ ಎಣ್ಣೆ ಇತ್ತು. ಒರೆಸಿದ ಮೇಲೂ ಯಾಕೆ ಇತ್ತು? ಒರೆಸಿದ್ದು ಸರಿಯಾಗಿರಲಿಲ್ಲ. ಮೂರು ಮೆಟ್ಟಿಲು ಸಲೀಸಾಗಿ ಇಳಿದೆ. ನಾಲ್ಕನೆಯದು ಯಾಕೆ ಸರಿಯಾಗಿರಲಿಲ್ಲ ಎಂಬುದು. ಬಟ್ಟೆ ಎಣ್ಣೆ ಕುಡಿಯುತ್ತಿರಲಿಲ್ಲ ಎಂದು ಬರೆದರೆ ಐದನೆಯದು ತಾನಾಗಿ ಬರುತ್ತದೆ: ಆ ಬಟ್ಟೆ ಯಾಕೆ ಬಂತು, ಕುಡಿಯುವ ಬಟ್ಟೆ ಎಲ್ಲಿ ಹೋಯಿತು, ಹೊಟ್ಟು ಯಾಕೆ ಹಾಕಲಿಲ್ಲ. ಅಲ್ಲಿ ಒಬ್ಬನೇ ನಿಂತಿದ್ದ, ನಾನು. ಅರ್ಧ ಗಂಟೆ ಪೆನ್ನು ಹಿಡಿದು ಕೂತೆ. ಆಮೇಲೆ ನಾಲ್ಕನೆಯ ಸಾಲಿನಲ್ಲಿ ಹೌಸ್‌ಕೀಪಿಂಗ್ ಸಿಬ್ಬಂದಿಯ ಅಜಾಗರೂಕತೆ ಎಂದು ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ವೇಸ್ಟಕ್ಕನ ಹೆಸರು ಬರೆದೆ. ಹೆಸರು ಗೊತ್ತಿರಲಿಲ್ಲ, ಕಂಟ್ರಾಕ್ಟರಿಗೆ ಫೋನು ಮಾಡಿ ಕೇಳಿಕೊಂಡೆ. ಐದನೆಯ ಸಾಲಿನಲ್ಲಿ ತರಬೇತಿಯ ಕೊರತೆ ಎಂದು ಬರೆದೆ.

ತರಬೇತಿಯ ಕೊರತೆ! ನೆಲ ನೋಡುವುದನ್ನು ನನಗೆ ಕಲಿಸಿದವರ ಹೆಸರಿನ ಕೆಳಗೆ ಅದನ್ನು ಬರೆದೆ.

ವರದಿಗೆ ಅವರ ಸಹಿಯೂ ಬೇಕಿತ್ತು. ಕರೆಸಿದೆ. ಬಂದು ಶರ್ಟಿಗೆ ಕೈ ಒರೆಸಿಕೊಂಡು ನಿಂತರು. ಕೂತ್ಕೋ ಎನ್ನಲಿಲ್ಲ.

"ಏನ ಬರದೈತ್ರಿ ಇದ್ರಾಗ?"

"ನೆಲದ ಮೇಲೆ ಎಣ್ಣೆ ಇತ್ತು ಅಂತ ಬರ್ದಿದ್ದೀನಿ."

"ಹೌದ್ರಿ, ಇತ್ತು" ಎಂದರು. ಪೆನ್ನು ತಗೊಂಡರು. ವಯಸ್ಸಾದ ಮೇಲೆ ಅಕ್ಷರ ಕಲಿತವರು. ಒಂದೊಂದೇ ಅಕ್ಷರ ದುಂಡಗೆ ಬಿಡಿಸಿ, ಕೊಂಬು ದೀರ್ಘ ಎಲ್ಲ ಸರಿಯಾಗಿ ಹಾಕಿ, ಪೂರ್ತಿ ಹೆಸರು ಬರೆದರು. ನನ್ನ ಶಾಯಿಪೆನ್ನು ಅದು. ಬರೆದ ಮೇಲೆ ಒಂದು ಕ್ಷಣ ಕಾದು, ಕಿರುಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದರು.

"ಚಲೋ ಕಾಗದ ಐತ್ರಿ ಸರ. ಲಗೂನ ಕುಡೀತು" ಎಂದರು.

ಓನರ್ ವರದಿ ಓದಿ ಸರಿ ಎಂದರು. ಆಡಿಟರುಗಳೂ ಒಪ್ಪಿದರು. ಕೈಗೊಂಡ ಕ್ರಮ ಎಂಬಲ್ಲಿ ಸಿಬ್ಬಂದಿಯನ್ನು ಬದಲಾಯಿಸಲಾಗಿದೆ ಎಂದು ಬರೆಯಬೇಕಿದ್ದರಿಂದ, ಬದಲಾಯಿಸಿದೆವು. ಕಂಟ್ರಾಕ್ಟರು ಅವರನ್ನು ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಅಪಾರ್ಟ್‌ಮೆಂಟಿಗೆ ಹಾಕಿದರು. ಪೀಣ್ಯದಿಂದ ಅಲ್ಲಿಗೆ ಓಡಾಡಲು ಆಗುವುದಿಲ್ಲವಾದ್ದರಿಂದ ಗಂಡನನ್ನೂ ಕರೆದುಕೊಂಡು ಲಗ್ಗೆರೆ ಬಿಟ್ಟು ಚಂದಾಪುರಕ್ಕೆ ಹೋದರು. ಹೋಗುವ ದಿನ ನನ್ನ ಟೇಬಲ್ ಹತ್ತಿರ ಬಂದಿದ್ದರು.

"ಸರ, ಹೊಸಾಕಿ ಬಂದ್ರ ಒಂದ ಮಾತ ಹೇಳ್ರಿ. ಹೊಸಾ ಅರಬಿ ಎರಡ ಸಲ ಒಗಿಲಾರದ ಯಾರಿಗೂ ಕೊಡಬಾರದು ಅಂತ."

ಆಯ್ತು ಎಂದೆ. ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ನಾನು ಕಂಪ್ಯೂಟರಿನಲ್ಲಿ ಏನೋ ತುರ್ತಾಗಿ ನೋಡುವವನ ಹಾಗೆ ನೋಡುತ್ತಿದ್ದೆ. ತಲೆ ಎತ್ತಿದಾಗ ಹೋಗಿದ್ದರು.

ಎಲ್ಲವನ್ನೂ ಅವರು ತಮ್ಮೊಳಗೇ ಹೀರಿಕೊಂಡರು ಎಂದು ಬರೆಯಬಹುದು, ಚೆನ್ನಾಗಿಯೂ ಇರುತ್ತದೆ. ಆದರೆ ಅದು ನನ್ನ ಅನುಕೂಲಕ್ಕೆ ಹೇಳುವ ಮಾತು. ಅವರು ಬಟ್ಟೆಯಲ್ಲ. ರೂಮಿಗೆ ಹೋಗಿ ಅತ್ತರೋ, ನನ್ನನ್ನು ಬಾಯಿಗೆ ಬಂದ ಹಾಗೆ ಬೈದರೋ ನನಗೆ ಗೊತ್ತಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎರಡು ತಿಂಗಳಲ್ಲಿ ನೀಲಿ ಬಟ್ಟೆಗಳೆಲ್ಲ ಮೂಲೆಗೆ ಬಿದ್ದವು, ಬನಿಯನ್ ವೇಸ್ಟು ಮತ್ತೆ ಬಂತು. ಆರಿಸುವವರು ಇರಲಿಲ್ಲ. ಸಿಕ್ಕಿದ ಚೂರನ್ನು ಎತ್ತಿಕೊಂಡು ಒರೆಸುತ್ತಿದ್ದರು. ನಾನು ರಿಟೈರ್ ಆಗುವವರೆಗೂ ದಿನಾ ಬೆಳಗ್ಗೆ ನಾಲ್ಕು ನಂಬರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದೆ. ಸಾರ್ ಎಷ್ಟು ಕಾಳಜಿಯಿಂದ ನೋಡ್ತಾರೆ ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು. ನಾನು ತಿದ್ದಲಿಲ್ಲ.

ಈಗ ಮಂಜಣ್ಣನ ಫೋನಿನ ವಿಷಯ. ಅವನ ಮಣಿಕಟ್ಟು ಕೂಡಿಕೊಂಡಿತು, ಆದರೆ ಪೂರ್ತಿ ತಿರುಗುವುದಿಲ್ಲ. ಲೇತ್ ಬಿಡಬೇಕಾಯಿತು. ಅದೇ ಶೆಡ್ಡಿನ ಪ್ಯಾಕಿಂಗಿನಲ್ಲಿ ಈಗಲೂ ಇದ್ದಾನೆ. ಕುಣಿಗಲ್ ಕಡೆಯ ಹಳ್ಳಿಯವನು, ಮಾತು ಕಡಿಮೆ. ಅವತ್ತು ಮಾತ್ರ ನಿಲ್ಲಿಸದೆ ಮಾತಾಡಿದ.

"ಸಾರ್, ವೇಸ್ಟಕ್ಕ ಓಗ್ಬಿಟ್ರು. ಜಾಂಡೀಸ್ ಆಗಿತ್ತಂತೆ. ಚಂದಾಪುರದಾಗೆ ಮಣ್ಣು ಮಾಡಿದ್ರು. ನಾನು ಓಗಿ ಬಂದೆ" ಎಂದ. ಕೈ ಪ್ಲಾಸ್ಟರಿನಲ್ಲಿದ್ದಾಗ ಅವರು ಪ್ರತಿ ಭಾನುವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಅವನ ಮನೆಗೆ ಬರುತ್ತಿದ್ದರಂತೆ. ಚಂದಾಪುರಕ್ಕೆ ಹೋದ ಮೇಲೂ ಹಬ್ಬಕ್ಕೊಮ್ಮೆ ಫೋನು ಮಾಡಿ ಕೈ ಹೆಂಗೈತಿ ಎಂದು ಕೇಳುತ್ತಿದ್ದರಂತೆ. ನನಗೆ ಇದೊಂದೂ ಗೊತ್ತಿರಲಿಲ್ಲ.

"ಅಕ್ಕ ಯಾವಾಗ್ ಮಾತಾಡಿದ್ರೂ ಅದೇ ಮಾತು ಸಾರ್. ತಪ್ಪು ನಂದಪ್ಪ, ಸರ ಬಿಡು ಅಂದ್ರು, ನಾ ಬಿಟ್ಟೆ. ಬಿಡಬಾರದಿತ್ತು. ಯಾರ ಏನಂದ್ರೂ ಹೊಟ್ಟು ತಂದು ಹಾಕಬೇಕಿತ್ತು. ಇಂಗೇ ಅಂತಿದ್ರು. ನಾನು, ಓಗ್ಲಿ ಬಿಡಕ್ಕ ಅಂತಿದ್ದೆ. ಆಫೀಸ್ನಾಗೆ ಅಕ್ಕ ಸರ್ಯಾಗಿ ಒರಸೇ ಇಲ್ಲ ಅಂತ ಏಳಿದ್ರಲ್ಲ, ಅದಕ್ಕೆ ಇವ್ರು ಏನೋ ಸಮಾಧಾನಕ್ಕೆ ಅಂಗಂತಾರೆ ಅಂದ್ಕೊಂಡಿದ್ದೆ. ಮೊನ್ನೆ ಮಣ್ಣು ಮಾಡುವಾಗ ಅವ್ರ ಯಜಮಾನ್ರೂ ಅದೇ ಮಾತು ಅಂದ್ರು ಸಾರ್. ಅದಕ್ಕೆ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅವತ್ತು ನೀವು ಬಿಡು ಅಂದಿದ್ರಾ?"

ನಾನು ಬರೆಯದೆ ಬಿಟ್ಟ ಐದನೆಯ 'ಯಾಕೆ'ಗೆ ಅವರು ಅಷ್ಟು ವರ್ಷ ಉತ್ತರ ಹೇಳುತ್ತಲೇ ಇದ್ದರು. ಅದರಲ್ಲೂ ತಪ್ಪನ್ನು ತಮ್ಮ ತಲೆಗೇ ಹಾಕಿಕೊಂಡಿದ್ದರು, ನನ್ನ ಮಾತು ಕೇಳಿದ್ದೇ ತಪ್ಪು ಎಂದು. ಮಂಜಣ್ಣ ಆ ಕಡೆ ಕಾಯುತ್ತಿದ್ದ. ಅವನ ಮಗಳು ಯಾರೊಡನೆಯೋ ಮಾತಾಡುವುದು ಫೋನಿನಲ್ಲಿ ಕೇಳುತ್ತಿತ್ತು.

"ನೆನಪಿಲ್ಲ ಮಂಜಣ್ಣ. ಎಷ್ಟು ವರ್ಷ ಆಯ್ತು" ಎಂದೆ.

"ಅಂಗಾ ಸಾರ್" ಎಂದ. "ಸರಿ ಸಾರ್, ಇಡ್ತೀನಿ" ಎಂದು ಇಟ್ಟ.

ಆವತ್ತಿನಿಂದ ಮೂರು ಸಲ ಅವನ ನಂಬರು ಒತ್ತಿ, ರಿಂಗಾಗುವ ಮೊದಲೇ ನಿಲ್ಲಿಸಿದ್ದೇನೆ. ಬಾಯಿಂದ ಆಗದು ಎಂದು ಗೊತ್ತಾಯಿತು, ಅದಕ್ಕೆ ಬರೆದೆ. ಅವನು ಕನ್ನಡ ಚೆನ್ನಾಗಿ ಓದುತ್ತಾನೆ. ಭಾನುವಾರ ಅವನ ಮನೆಗೆ ಹೋಗಿ ಇದನ್ನು ಅವನ ಕೈಗೆ ಕೊಟ್ಟು, ಅವನು ಓದಿ ಮುಗಿಸುವವರೆಗೂ ಅಲ್ಲೇ ಕೂತಿರುತ್ತೇನೆ.

ಮಂಜಣ್ಣ, ನೆನಪಿದೆ. ನಾಲ್ಕು ನಂಬರಿನ ಮುಂದೆ ನೆಲ ಹೊಳೆಯುತ್ತಿತ್ತು. ಹೊಳೆದರೆ ಏನರ್ಥ ಎಂದು ಅಕ್ಕ ನನಗೆ ಕಲಿಸಿದ್ದರು. ನಾನೇ ಬಿಡು ಅಂದೆ. ಎರಡು ಸಲ ಅಂದೆ.